ಹೆಸರು ಕತ್ತರಿಸಿದ ವರದಿ

ನಮ್ಮ ಆಫೀಸಿಗೆ ಹೊಸದಾಗಿ ಬಂದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: ವಿಮಾನ ಎಲ್ಲಿ? ಜೆ.ಪಿ. ನಗರದಲ್ಲಿ ಟೈಲ್ಸ್ ಅಂಗಡಿಯ ಮೇಲಿನ ಮಹಡಿ ನಮ್ಮದು. ಕಿಟಕಿ ತೆಗೆದರೆ ಎದುರಿಗೆ ದಂತವೈದ್ಯರ ಬೋರ್ಡು, ಕೆಳಗೆ ಎಳನೀರಿನ ಗಾಡಿ. ವಿಮಾನಗಳು ಊರಿನ ಆ ತುದಿಯಲ್ಲಿರುವ ಹ್ಯಾಂಗರಿನಲ್ಲಿ ಇರುತ್ತವೆ, ಅವುಗಳ ಕಾಗದಪತ್ರ ಮಾತ್ರ ಈ ತುದಿಯಲ್ಲಿ. ಬಾಡಿಗೆಗೆ ಹಾರುವ ಸಣ್ಣ ವಿಮಾನಗಳನ್ನು ರಿಪೇರಿ ಮಾಡಿಕೊಡುವ ಚಿಕ್ಕ ಕಂಪನಿ ನಮ್ಮದು. ಯಜಮಾನರ ಮನೆ ಜಯನಗರದಲ್ಲಿ. ಅವರಿಗೆ ಓಡಾಟ ಹತ್ತಿರವಾಗಲಿ ಎಂದು ಆಫೀಸನ್ನು ಇಲ್ಲಿ ಮಾಡಿದರು. ಕಟ್ಟಡದ ಓನರ್ ಸಾರಕ್ಕಿಯ ಹಳೇ ಒಕ್ಕಲು ಮನೆಯವರು. ಕೀಲಿ ಕೊಡುವಾಗ, "ಟೆರೇಸ್ ಮೇಲೆ ಹೆಲಿಕಾಪ್ಟರ್ ಗಿಲಿಕಾಪ್ಟರ್ ಇಳಿಸಂಗಿಲ್ಲ ಸಾರ್, ಈಗ್ಲೇ ಹೇಳ್ಬಿಟ್ಟಿದೀನಿ. ವಾಟರ್‌ಪ್ರೂಫಿಂಗ್ ಮಾಡ್ಸಿದೀನಿ" ಅಂದಿದ್ದರಂತೆ. ಆ ಮನುಷ್ಯನಿಗೆ ಅಪಾಯವನ್ನು ಮುಂಚೆಯೇ ಊಹಿಸುವ ಬುದ್ಧಿ ಇತ್ತು. ಅದೇ ಬುದ್ಧಿಯನ್ನು ಫೈಲಿನಲ್ಲಿಟ್ಟು ಕಾಯುವುದು ನನ್ನ ಕೆಲಸ.

ಇದಕ್ಕೆ ಸೇಫ್ಟಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂದು ದೊಡ್ಡ ಹೆಸರಿದೆ. ಮನೆಯವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು: ಅಪಘಾತ ಆದಮೇಲೆ ಅಳುವುದಕ್ಕಿಂತ, ಆಗುವ ಮೊದಲೇ ಅದರ ವಾಸನೆ ಹಿಡಿದವರು ಬರೆದು ಕೊಡಬೇಕು, ನಾವು ಅದನ್ನು ಓದಿ, ಸರಿಮಾಡಿಸಿ, ಸರಿಮಾಡಿದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಬೇಕು. ಕೇಳುವುದಕ್ಕೆ ಚೆನ್ನಾಗಿದೆ. ನಾನೂ ಬಹಳ ವರ್ಷ ಅದನ್ನು ನಂಬಿದ್ದೆ. ಈಗಲೂ ನಂಬುತ್ತೇನೆ, ಆದರೆ ಕೋಪದಿಂದ ನಂಬುತ್ತೇನೆ.

ಹ್ಯಾಂಗರಿನಲ್ಲಿ ಒಂದು ಬೀಗ ಹಾಕಿದ ಪೆಟ್ಟಿಗೆ ಇತ್ತು. ಯಾರಿಗೆ ಏನು ಅಪಾಯ ಕಂಡರೂ ಅಲ್ಲಿಟ್ಟ ಹಾಳೆಯಲ್ಲಿ ಬರೆದು ಪೆಟ್ಟಿಗೆಗೆ ಹಾಕಬಹುದು. ಹಾಳೆಯ ಮೇಲ್ತುದಿಯಲ್ಲಿ ಹೆಸರು ಬರೆಯಲು ಕತ್ತರಿಸಿ ತೆಗೆಯುವ ಒಂದು ಪಟ್ಟಿ, ಕೆಳಗೆ ವಿಷಯ. ಪೆಟ್ಟಿಗೆಯ ಬೀಗದ ಕೈ ನನ್ನೊಬ್ಬಳ ಹತ್ತಿರ ಮಾತ್ರ. ವಿಷಯದಲ್ಲಿ ಏನಾದರೂ ಅರ್ಥವಾಗದಿದ್ದರೆ ಬರೆದವರನ್ನು ಗುಟ್ಟಾಗಿ ಕೇಳಿ ತಿಳಿದುಕೊಂಡು, ಆಮೇಲೆ ಆ ಹೆಸರಿನ ಪಟ್ಟಿಯನ್ನು ಕತ್ತರಿಸಿ ಅವರ ಕೈಗೇ ವಾಪಸ್ ಕೊಡಬೇಕು. ಕೈಬರಹ ಗುರುತು ಸಿಗುತ್ತದೆ ಎಂದು ವಿಷಯವನ್ನು ಟೈಪ್ ಮಾಡಿ ಮೂಲ ಹಾಳೆಯನ್ನು ನಾಶ ಮಾಡಬೇಕು. ಬಾಸ್ ಕೇಳಿದರೂ ಹೆಸರು ಹೇಳಬಾರದು. ಈ ನಿಯಮ ಇಲ್ಲದಿದ್ದರೆ ಯಾವ ಕೆಲಸಗಾರ ತಾನೇ ಬಾಯಿ ಬಿಡುತ್ತಾನೆ? ಆ ಅಧ್ಯಾಯವನ್ನು ಮ್ಯಾನ್ಯುಯಲ್‌ನಲ್ಲಿ ಬರೆದವಳು ನಾನೇ, ಮತ್ತು ಅದು ಚೆನ್ನಾಗಿ ಬಂದಿದೆ ಎಂಬ ಹೆಮ್ಮೆಯೂ ನನಗಿತ್ತು.

ಒಂದು ಬೇಸಿಗೆಯ ಕೊನೆಯಲ್ಲಿ ಪೆಟ್ಟಿಗೆಯಿಂದ ಕನ್ನಡದಲ್ಲಿ ಬರೆದ ಹಾಳೆಯೊಂದು ಬಂತು. ಉಳಿದವರೆಲ್ಲ ತಪ್ಪೋ ಒಪ್ಪೋ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಇದನ್ನು ಬರೆದವನು ಗದಗಿನ ಕಡೆಯ ಹುಡುಗ, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿದ್ದ ಟೆಕ್ನಿಷಿಯನ್, ಶಿಫ್ಟ್ ಇನ್‌ಚಾರ್ಜ್ ಆಗಿ ಆಗ ತಾನೇ ಬಡ್ತಿ ಸಿಕ್ಕಿತ್ತು. ಕೋಪ ಬಂದಾಗ ಇಂಗ್ಲಿಷ್ ಬರೆಯುವುದಕ್ಕೆ ಅವನಿಗೆ ಬೇಜಾರು. ಹಾಳೆಯಲ್ಲಿ ಹೀಗಿತ್ತು:

"ಎರಡನೇ ಸ್ಟ್ಯಾಂಡಿನ ಗಾಲಿ ಲಾಕ್ ಹಿಡಿಯಂಗಿಲ್ಲ. ಮ್ಯಾಲ ನಿಂತು ಸ್ಪ್ಯಾನರ್ ಹಾಕಿ ಒತ್ತಿದ್ರ ಸ್ಟ್ಯಾಂಡ್ ಹಿಂದಕ ಸರೀತೈತಿ. ಇಂದಿಲ್ಲ ನಾಳೆ ಯಾರರ ಬೀಳ್ತಾರ. ಎಚ್ಚರ ಇರ್ರಿ ಅಂತ ಹೇಳಿದ್ರ ಆಗೂದಿಲ್ಲ. ಇದನ್ನ ಹೊರಗ ಹಾಕ್ರಿ."

ಸ್ಟ್ಯಾಂಡ್ ಎಂದರೆ ರೆಕ್ಕೆ, ಎಂಜಿನ್ ಎತ್ತರಕ್ಕೆ ಹತ್ತಿ ಕೆಲಸ ಮಾಡಲು ಇರುವ, ಗಾಲಿ ಇರುವ ಕಬ್ಬಿಣದ ಮೆಟ್ಟಿಲು. ಅದರ ಲಾಕ್ ಹಿಡಿಯದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಿಲ್ಲ.

ನಾನು ಕೂತು ಟೈಪ್ ಮಾಡಿದೆ. ಅವನ ಮಾತನ್ನು ಹಾಗೇ ಹಾಕುವಂತಿರಲಿಲ್ಲ. ಹ್ಯಾಂಗರಿನಲ್ಲಿ ಆ ಕಡೆಯ ಕನ್ನಡ ಆಡುವವನು ಅವನೊಬ್ಬನೇ, 'ಯಾರರ ಬೀಳ್ತಾರ' ಎಂದು ಓದಿದ ಕೂಡಲೇ ಇಡೀ ಹ್ಯಾಂಗರಿಗೆ ಗೊತ್ತಾಗುತ್ತಿತ್ತು. ಹಾಗಾಗಿ ಅದನ್ನು ನಮ್ಮ ಆಫೀಸ್ ಇಂಗ್ಲಿಷಿಗೆ ಇಳಿಸಿದೆ. ಸ್ಟ್ಯಾಂಡೊಂದರ ಗಾಲಿಯ ಲಾಕ್ ಸಮರ್ಪಕವಾಗಿಲ್ಲದಿರುವುದು ಗಮನಕ್ಕೆ ಬಂದಿದೆ, ಸಿಬ್ಬಂದಿಗೆ ಗಾಯವಾಗುವ ಸಂಭವವಿದೆ, ಬಳಕೆಯಿಂದ ಹಿಂತೆಗೆಯಲು ಶಿಫಾರಸು. ಹೀಗೆ. ಅವನ ಕೋಪ ಹೋಯಿತು, ಭಯ ಹೋಯಿತು, ಗದಗು ಹೋಯಿತು. ಯಾರು ಬರೆದದ್ದೋ ದೇವರಿಗೂ ತಿಳಿಯದ ಹಾಗೆ ಮಾಡಿ, ಮೂಲ ಹಾಳೆಯನ್ನು ಚೂರು ಮಾಡುವ ಮೆಷಿನ್ನಿಗೆ ಕೊಟ್ಟೆ.

ಹೆಸರಿನ ಪಟ್ಟಿಯನ್ನು ಅವನು ಕೆಲಸದ ಮೇಲೆ ಆಫೀಸಿಗೆ ಬಂದಾಗ ಮೆಟ್ಟಿಲ ಹತ್ತಿರ ಕರೆದು ಕೊಟ್ಟೆ.

"ಇದನ್ನ ಇಟ್ಕೊಂಡು ನಾ ಏನ್ ಮಾಡ್ಲಿ ಮೇಡಂ?"

"ಏನೂ ಮಾಡ್ಬೇಡಪ್ಪ. ನಿನ್ ಹೆಸರು ನಮ್ ಹತ್ರ ಇಲ್ಲ ಅಂತ ನಿನಗೆ ಗ್ಯಾರಂಟಿ, ಅಷ್ಟೆ."

"ಮತ್ತ ನನ್ ಕಡೆ ಸಿಕ್ಕಿದ್ರೂ ತ್ರಾಸೇ ಅಲ್ರಿ" ಎಂದು ನಕ್ಕು, ಅಲ್ಲೇ ಹರಿದು, ಕೆಳಗೆ ಎಳನೀರಿನವನ ಬುಟ್ಟಿಗೆ ಹಾಕಿ ಹೋದ.

ಆಡಿಟ್ ಹತ್ತಿರ ಬಂದಿತ್ತು. ಆಡಿಟ್ ಎಂದರೆ ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವಿದ್ದ ಹಾಗೆ. ಮನೆಯಲ್ಲಿ ಏನೇನಿದೆ ಎನ್ನುವುದಕ್ಕಿಂತ ನಡುಮನೆಯಲ್ಲಿ ಏನು ಕಾಣುತ್ತದೆ ಎನ್ನುವುದು ಮುಖ್ಯ. ತೆರೆದಿರುವ ವರದಿಗಳೆಲ್ಲ ಅಷ್ಟರೊಳಗೆ 'ಕ್ಲೋಸ್' ಆಗಿರಬೇಕು. ಪ್ರತಿ ವರದಿಗೂ ಒಂದು ಬಣ್ಣ ಇರುತ್ತದೆ. ಕೆಂಪು ಎಂದರೆ ಆ ವಸ್ತುವನ್ನು ಇವತ್ತೇ ಬಳಕೆಯಿಂದ ತೆಗೆದು ಯಜಮಾನರಿಗೆ ತಿಳಿಸಬೇಕು. ಹಳದಿ ಎಂದರೆ ಸಿಬ್ಬಂದಿಗೆ ತಿಳಿವಳಿಕೆ ಕೊಟ್ಟರೆ ಸಾಕು. ನಾನು ಕೆಂಪು ಹಾಕಿ ಕಳಿಸಿದ್ದೆ. ನಮ್ಮ ಸೇಫ್ಟಿ ಮ್ಯಾನೇಜರು ಅದನ್ನು ಹಳದಿ ಮಾಡಿ ವಾಪಸ್ ಕಳಿಸಿದರು. ಕೆಟ್ಟ ಮನುಷ್ಯರೇನಲ್ಲ. ಗುರುವಾರ ಉಪವಾಸ ಮಾಡುವವರು, ಯಾರ ಮನೆ ಮದುವೆಯಾದರೂ ತಪ್ಪದೆ ಹೋಗುವವರು.

ನಾನು ಅವರ ಟೇಬಲ್ಲಿಗೆ ಹೋದೆ. "ಸಾರ್, ಹೊರಗೆ ಹಾಕಿ ಅಂತಾನೇ ಬರ್ದಿದಾರೆ. ಹಳದಿ ಹೆಂಗಾಗತ್ತೆ?"

"ಮೇಡಂ, ಇರೋದೇ ಎರಡು ಸ್ಟ್ಯಾಂಡು. ಒಂದು ತೆಗೆದ್ರೆ ಕೆಲ್ಸ ನಿಲ್ಲತ್ತೆ. ಹೊಸದಕ್ಕೆ ಹೇಳಿದೀನಿ, ಬರತ್ತೆ. ಅಲ್ಲೀವರೆಗೂ ಒಂದು ಸರ್ಕ್ಯುಲರ್ ಹೊಡೀರಿ. ಹತ್ತೋ ಮುಂಚೆ ಲಾಕ್ ಚೆಕ್ ಮಾಡ್ಬೇಕು, ಶಿಫ್ಟ್ ಇನ್‌ಚಾರ್ಜು ನೋಡ್ಕೋಬೇಕು ಅಂತ. ಎಲ್ಲರ ಸೈನ್ ತಗೊಂಡು ಕ್ಲೋಸ್ ಮಾಡಿ."

"ಲಾಕೇ ಹಿಡಿಯಲ್ಲ ಅಂದ್ಮೇಲೆ ಏನ್ ಚೆಕ್ ಮಾಡೋದು ಸಾರ್?"

"ಕ್ಲೋಸ್ ಮಾಡಿ ಮೇಡಂ. ಆಡಿಟ್ ಆಗ್ಲಿ."

ಸರ್ಕ್ಯುಲರ್ ಟೈಪ್ ಮಾಡಿದೆ. ಅದು ಹ್ಯಾಂಗರಿಗೆ ಹೋಗಿ, ಎಲ್ಲರ ಸಹಿಯೊಂದಿಗೆ ವಾಪಸ್ ಬಂತು. ಗದಗಿನ ಹುಡುಗನ ಸಹಿಯೂ ಇತ್ತು. ಅದರ ಕೆಳಗೆ ಜಯನಗರದ ಪಕ್ಕದ ಸಿದ್ದಾಪುರದಲ್ಲಿ ಮನೆ ಇದ್ದ ಹಿರಿಯ ಮೆಕ್ಯಾನಿಕ್ ಒಬ್ಬರ ಸಹಿಯೂ ಇತ್ತು, ಗುಂಡಗೆ, ಶಾಲೆಯ ಹುಡುಗರ ಹಾಗೆ. ವರದಿ ಕ್ಲೋಸ್ ಆಯಿತು. ಆಡಿಟ್‌ನವರು ಬಂದು, ನೋಡಿ, ಫೈಲುಗಳು ಅಚ್ಚುಕಟ್ಟಾಗಿವೆ ಎಂದು ಹೇಳಿ ಹೋದರು. ಸ್ಟ್ಯಾಂಡು ಇದ್ದಲ್ಲೇ ಇತ್ತು.

ದಸರಾ ಕಳೆದ ಮೇಲೆ, ಒಂದು ದಿನ ಮಧ್ಯಾಹ್ನ, ಆ ಹಿರಿಯ ಮೆಕ್ಯಾನಿಕ್ ಅದರ ಮೇಲಿಂದ ಬಿದ್ದರು.

ಹುಡುಗ ತನ್ನ ಶಿಫ್ಟಿನಲ್ಲಿ ಆ ಸ್ಟ್ಯಾಂಡಿನ ಗಾಲಿಗಳಿಗೆ ತಾನೇ ಮರದ ತುಂಡು ಕೊಟ್ಟು ನಿಲ್ಲಿಸುತ್ತಿದ್ದನಂತೆ. ಅವತ್ತು ತುಂಡು ಕೊಡುವ ಮೊದಲೇ ಬಿಡಿಭಾಗಗಳ ಗಾಡಿ ಬಂದು, ಗೇಟಿನಲ್ಲಿ ಅವನ ಸಹಿ ಬೇಕೆಂದು ಕರೆದರು. ಬರುವವರೆಗೂ ಹತ್ತಬೇಡಿ ಎಂದು ಹೇಳಿಯೇ ಹೋಗಿದ್ದ. ಹಿರಿಯರು ಕಾಯಲಿಲ್ಲ. ವಿಮಾನ ಅವತ್ತೇ ಹೋಗಬೇಕಿತ್ತು, ಯಜಮಾನರ ಫೋನು ಎರಡು ಸಲ ಬಂದಿತ್ತು. ಬಿಗಿಯಾದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಒತ್ತಿದರು. ಸ್ಟ್ಯಾಂಡ್ ಹಿಂದಕ್ಕೆ ಸರಿಯಿತು, ತಲೆ ಸಿಮೆಂಟ್ ನೆಲಕ್ಕೆ ಬಡಿಯಿತು. ಕೆಲವು ದಿನ ಆಸ್ಪತ್ರೆಯಲ್ಲಿದ್ದರು. ಮಾತು ವಾಪಸ್ ಬರಲೇ ಇಲ್ಲ. ಹೋದರು ಎಂಬ ಸುದ್ದಿ ಬಂದಾಗ ನಾನು ಆಫೀಸಿನಲ್ಲಿ ಮುಂದಿನ ತಿಂಗಳ ಸಭೆಯ ನೋಟೀಸು ಟೈಪ್ ಮಾಡುತ್ತಿದ್ದೆ.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ ಆ ವಾರವೇ ಹೊಸ ಸ್ಟ್ಯಾಂಡು ಬಂತು. ಹಳೆಯದನ್ನು ಗುಜರಿಗೆ ಹಾಕಿದರು.

ವಿಚಾರಣೆ ನಡೆದದ್ದು ನಮ್ಮ ಆಫೀಸಿನ ಮೀಟಿಂಗ್ ರೂಮಿನಲ್ಲಿ. ಯಜಮಾನರ ಕಡೆಯ ಒಬ್ಬರು, ನಮ್ಮ ಮ್ಯಾನೇಜರು, ಹೊರಗಿನಿಂದ ಕರೆಸಿದ ಒಬ್ಬ ನಿವೃತ್ತ ಅಧಿಕಾರಿ. ಫೈಲುಗಳನ್ನು ತಂದುಕೊಡಲು ನಾನು. ಎದುರಿಗೆ ಹುಡುಗ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನ ಪಾಲಿಗೆ ಅಲ್ಲಿ ಇದ್ದದ್ದು ಒಂದೇ ಮಾತು. ನಮ್ಮ ಕಸುಬಿನಲ್ಲಿ ಎಲ್ಲಿ ಕೆಲಸ ಕೇಳಿದರೂ ಹಿಂದಿನ ಕಂಪನಿಯ ದಾಖಲೆ ತರಿಸುತ್ತಾರೆ. ಅದರಲ್ಲಿ ನಿರ್ಲಕ್ಷ್ಯ ಎಂಬ ಪದ ಬಿದ್ದರೆ ಮುಗಿಯಿತು, ಯಾವ ಹ್ಯಾಂಗರಿನ ಬಾಗಿಲೂ ತೆರೆಯುವುದಿಲ್ಲ.

ಮ್ಯಾನೇಜರು ಸರ್ಕ್ಯುಲರನ್ನು ಮುಂದೆ ಇಟ್ಟರು. "ಇದು ನಿಮ್ ಸೈನೇ ಅಲ್ವಾ?"

"ಹೌದ್ರಿ ಸರ."

"ಓದಿ ತಾನೇ ಹಾಕಿದ್ದು? ಶಿಫ್ಟ್ ಇನ್‌ಚಾರ್ಜು ನೋಡ್ಕೋಬೇಕು ಅಂತ ಇದ್ಯಲ್ಲ?"

ಹುಡುಗ ನನ್ನ ಕಡೆ ನೋಡಿದ. ಆಮೇಲೆ ಅವರ ಕಡೆ ತಿರುಗಿ, "ಸರ, ಆ ಸ್ಟ್ಯಾಂಡ್ ಹೊರಗ ಹಾಕ್ರಿ ಅಂತ ಪೆಟ್ಟಿಗ್ಯಾಗ ಬರದ್ ಹಾಕಿದಾಂವ ನಾನ. ಅದಕ್ಕಂತನ ಈ ಸರ್ಕ್ಯುಲರ್ ಬಂದದ್ದು" ಅಂದ.

ವರದಿ ತರಿಸಿದರು. ನಾನು ಅಚ್ಚುಕಟ್ಟಾಗಿ ಟೈಪ್ ಮಾಡಿದ್ದ ಅದೇ ಹಾಳೆ. ನಿವೃತ್ತ ಅಧಿಕಾರಿ ಕನ್ನಡಕ ಏರಿಸಿಕೊಂಡು ಎರಡೂ ಕಡೆ ತಿರುಗಿಸಿ ನೋಡಿದರು. "ಇದ್ರಲ್ಲಿ ಯಾರ ಹೆಸರೂ ಇಲ್ಲ. ನಿಮ್ ಹತ್ರ ಪಟ್ಟಿ ಇದ್ಯೇನಪ್ಪ?"

"ಹರದ್ ಒಗದೆ ಸರ."

ಅವನ ದನಿ ಕೇಳಿ ನನಗೆ ತಡೆಯಲಾಗಲಿಲ್ಲ. ಫೈಲು ಕೊಡುವವಳು ಮಾತಾಡಬಾರದು ಎಂಬುದು ಗೊತ್ತಿದ್ದೂ ಎದ್ದು ನಿಂತೆ. "ಸಾರ್, ಬರೆದದ್ದು ಇವರೇ. ಹೇಳೋಕೆ ಇವರೇ ಒಪ್ಪಿದಾರೆ, ಅದಕ್ಕೇ ಹೇಳ್ತಿದೀನಿ. ಪೆಟ್ಟಿಗೆ ತೆಗೆದವಳು ನಾನು, ಪಟ್ಟಿ ಕತ್ತರಿಸಿ ಇವರ ಕೈಗೆ ಕೊಟ್ಟವಳೂ ನಾನು. ನಾನು ಕೆಂಪು ಹಾಕಿದ್ದೆ, ಅದನ್ನ ಹಳದಿ ಮಾಡಿದ್ದು ಯಾರು ಅಂತ ನಮ್ ಸಾರ್‌ನ ಕೇಳಿ."

ಆ ನಿವೃತ್ತ ಅಧಿಕಾರಿ ಬಹಳ ಮೃದುವಾಗಿ, ಹಟ ಮಾಡುವ ಮಗುವಿಗೆ ಹೇಳುವಂತೆ ಹೇಳಿದರು: "ಮೇಡಂ, ನಿಮ್ ಮನಸ್ಸು ಅರ್ಥ ಆಗತ್ತೆ. ಆದ್ರೆ ನಮ್ ಲೈನಲ್ಲಿ ಒಂದು ಮಾತಿದೆ, ನಿಮಗೂ ಗೊತ್ತಿದೆ. ಬರೆದಿಲ್ಲ ಅಂದ್ರೆ ಆಗಿಲ್ಲ. ಇಂಥ ವರದೀಲಿ ಹೆಸರು ಉಳೀಬಾರ್ದು ಅಂತ ನಿಮ್ ಮ್ಯಾನ್ಯುಯಲ್ಲೇ ಹೇಳತ್ತೆ. ಈಗ ನೆನಪಿನ ಮೇಲೆ ಹೆಸರು ಸೇರಿಸಿದ್ರೆ, ನಾಳೆ ಪ್ರತಿಯೊಬ್ರೂ ಬಂದು ನಾನೇ ಬರ್ದಿದ್ದು ಅಂತಾರೆ."

ಮೈ ಉರಿದುಹೋಯಿತು. ಉರಿದದ್ದು ಅವರು ಹೇಳಿದ್ದು ಸುಳ್ಳು ಎಂದಲ್ಲ. ಪ್ರತಿಯೊಂದು ಮಾತೂ ನಿಯಮದ ಪ್ರಕಾರ ಸರಿಯಾಗಿತ್ತು. ಅವನನ್ನು ಕಾಯಲೆಂದು ನಾನು ಬರೆದ ಅಧ್ಯಾಯವನ್ನೇ ಓದಿ ಅವನನ್ನು ಕಟ್ಟಿಹಾಕಿದರು. ಅವನ ವರದಿಯಿಂದ ಹುಟ್ಟಿದ ಸರ್ಕ್ಯುಲರೇ ಅವನ ಮೇಲಿನ ಸಾಕ್ಷಿಯಾಯಿತು. ಬಣ್ಣ ಬದಲಾಯಿಸಿದ ವಿಷಯವನ್ನು 'ತಾಂತ್ರಿಕ ವಿವೇಚನೆ' ಎಂದು ಬರೆದುಕೊಂಡರು. ಗೇಟಿನಲ್ಲಿ ಸಹಿ ಮಾಡಿದ ಹೊತ್ತು ಕೂಡ ದಾಖಲಾಗಿತ್ತು; ಸ್ಟ್ಯಾಂಡಿನ ಹತ್ತಿರ ಅವನು ಇರಲಿಲ್ಲ ಎನ್ನುವುದಕ್ಕೆ ಅದೂ ಒಂದು ಪುರಾವೆ. ನಾನು ನನ್ನ ಮಾತನ್ನು ಬರಹದಲ್ಲಿ ಕೊಟ್ಟೆ. ಅಂತಿಮ ವರದಿ ಬಂದಾಗ ಅದರ ಕೊನೆಯಲ್ಲಿ ನನ್ನ ಹಾಳೆ ಇರಲಿಲ್ಲ. ನಿರ್ಲಕ್ಷ್ಯ ಎಂಬ ಪದ ಇತ್ತು. ಕೆಲಸ ಹೋಯಿತು.

ರಾಜೀನಾಮೆ ಕೊಟ್ಟು ಬಂದುಬಿಡು ಎಂದು ಮನೆಯಲ್ಲಿ ಹೇಳಿದರು. ಯಾಕೆ ಕೊಡಲಿ? ನಾನು ಹೋದರೆ ಆ ಪೆಟ್ಟಿಗೆಯ ಕೀಲಿ ಯಾರ ಕೈಗೆ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಪೆಟ್ಟಿಗೆಗೆ ಬೀಳುವುದೂ ನಿಂತುಹೋಯಿತು. ಹ್ಯಾಂಗರಿನವರು ದಡ್ಡರಲ್ಲ. ತಿಂಗಳ ಸಭೆಯಲ್ಲಿ ಮ್ಯಾನೇಜರು ಒಂದೂ ವರದಿ ಇಲ್ಲ ಎಂದು ಓದಿದಾಗ ಯಜಮಾನರು, "ವೆರಿ ಗುಡ್" ಅಂದರು. ನಾನು ಎದ್ದು ಹೊರಗೆ ಹೋದೆ.

ಚಳಿ ಶುರುವಾದ ಮೇಲೆ ಹುಡುಗನ ಫೋನು ಬಂತು. ಬಿ.ಟಿ.ಎಂ.ನ ಒಂದು ದರ್ಶಿನಿಯಲ್ಲಿ ಸಿಕ್ಕಿದ. ಬನ್ನೇರುಘಟ್ಟ ರಸ್ತೆಯ ಗ್ಯಾರೇಜಿನಲ್ಲಿ ಸ್ಕೂಟರು ರಿಪೇರಿ ಮಾಡುತ್ತಿದ್ದನಂತೆ. ಉಗುರಿನ ಸಂದಿಯಲ್ಲಿ ಗ್ರೀಸು, ಮುಖ ಇಳಿದುಹೋಗಿತ್ತು. ಎರಡು ಕಡೆ ವಿಮಾನದ ಕೆಲಸಕ್ಕೆ ಹೋಗಿದ್ದನಂತೆ, ದಾಖಲೆ ತರಿಸಿದ ಮೇಲೆ ಯಾರೂ ಕರೆಯಲಿಲ್ಲ. ನಾನು ವಕೀಲರ ಮಾತೆತ್ತಿದೆ. ಅವನು ಕಾಫಿ ಲೋಟ ಪಕ್ಕಕ್ಕಿಟ್ಟ.

"ನೌಕರಿ ಹೋತು, ಹೋಗ್ಲಿ ಬಿಡ್ರಿ ಮೇಡಂ. ಹೊಟ್ಟಿಗೇನ್ ಕಡಿಮಿ ಇಲ್ಲ. ವೈಕುಂಠ ಸಮಾರಾಧನಿ ದಿನ ಸಿದ್ದಾಪುರಕ್ಕ ಹೋಗಿದ್ದೆ. ಆ ಅಕ್ಕ ಎಲ್ಲಾರ ಮುಂದ, ನನ್ ಗಂಡನ್ನ ಕೊಂದು ಉಣ್ಣಾಕ ಬಂದೀ ಏನು ಅಂದ್ರು. ಕಂಪನಿಯಿಂದ ಹೋದವ್ರು ಹಂಗ ಹೇಳ್ಯಾರಂತ. ಆ ಅಣ್ಣ ನನಗ ಕೆಲಸಾ ಕಲಿಸಿದಾಂವ್ರಿ. ದಿನಾ ಅವರ ಡಬ್ಬಿಯಾಗಿಂದು ಉಂಡೀನಿ. ನಾ ಹೇಳಿದ್ರ ನಂಬಂಗಿಲ್ಲ. ನೀವು ಆ ಅಕ್ಕಗ ಒಂದ್ ಮಾತ್ ಹೇಳ್ರಿ. ನಾ ಮೊದಲ ಹೇಳಿದ್ದೆ ಅಂತ. ಅಷ್ಟ ಸಾಕು."

ಫೈಲಿನ ಕಾಗದವೆಲ್ಲ ನಮ್ಮ ಕಡೆ ಇತ್ತು, ಅವನು ಕೇಳಿದ್ದು ಒಂದು ಬಾಯಿಮಾತು. ಹೋಗುತ್ತೇನೆ ಎಂದೆ.

ಭಾನುವಾರ ಚಿಕ್ಕಲಸಂದ್ರದ ನಮ್ಮ ಮನೆಯಿಂದ ಬಸ್ಸು ಹಿಡಿದು ಜಯನಗರದಲ್ಲಿ ಇಳಿದು, ಸಿದ್ದಾಪುರದವರೆಗೆ ನಡೆದೆ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಆ ಓಣಿಗಳಲ್ಲಿ ಇಬ್ಬರು ಎದುರಾದರೆ ಒಬ್ಬರು ಹೊಸ್ತಿಲು ಹತ್ತಿ ನಿಲ್ಲಬೇಕು. ಮನೆ ಕೇಳಿದ ಕೂಡಲೇ ತೋರಿಸಿದರು. ಆ ಹಿರಿಯರ ಹೆಂಡತಿ ಬಾಗಿಲಲ್ಲೇ ಕೂತು, ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು. ಯಾವುದೋ ಹೋಟೆಲಿಗೆ ಹಿಸುಕಿ ಕೊಡುತ್ತಾಳಂತೆ, ಪಕ್ಕದಲ್ಲಿ ದೊಡ್ಡ ಬೋಗುಣಿ ಇತ್ತು. ಕಂಪನಿಯಿಂದ ಎಂದಾಗ ಎದ್ದು ಒಳಗೆ ಕರೆದು ಕುರ್ಚಿ ಹಾಕಿದಳು. ಗೋಡೆಯಲ್ಲಿ ಫೋಟೋ, ಹೊಸ ಹಾರ. ಆಕೆ ಮತ್ತೆ ನೆಲದಲ್ಲಿ ಕೂತು ಕಾಳು ಹಿಸುಕತೊಡಗಿದಳು.

ಹುಡುಗನ ವಿಷಯ ಎಂದು ಶುರುಮಾಡಿದೆ. ಆಕೆಯ ಮುಖ ಬಿಗಿಯಿತು, ಆದರೂ ಕೇಳಿದಳು. ಆ ಸ್ಟ್ಯಾಂಡು ಕೆಟ್ಟಿದೆ, ಹೊರಗೆ ಹಾಕಿ, ಯಾರಾದರೂ ಬೀಳುತ್ತಾರೆ ಎಂದು ಅವನೇ ಬರೆದು ಕೊಟ್ಟಿದ್ದ; ನನ್ನ ಕೈಗೇ ಬಂದಿತ್ತು; ಅವತ್ತೂ ಹತ್ತಬೇಡಿ ಎಂದು ಹೇಳಿ ಹೋಗಿದ್ದ. ಎಲ್ಲ ಹೇಳಿದೆ. ನನ್ನ ಮ್ಯಾನ್ಯುಯಲಿನ ಭಾಷೆ ಅಲ್ಲಿ ಬರಲಿಲ್ಲ. ಅವನು ಬರೆದ ಮಾತೇ ನೆನಪಿಗೆ ಬಂತು, ಅದನ್ನೇ ಹೇಳಿದೆ.

ಆಕೆಯ ಕೈ ನಿಂತಿತು.

"ಅವ್ನು ಬರ್ಕೊಟ್ಟಿದ್ದು ಯಾವಾಗ?"

"ಮಳೆಗಾಲಕ್ಕೆ ಮುಂಚೆ."

"ಇವ್ರು ಬಿದ್ದಿದ್ದು ದಸರಾ ಆದ್ಮೇಲೆ." ಆಕೆ ನನ್ನನ್ನೇ ನೋಡುತ್ತಿದ್ದಳು. "ಅಲ್ಲೀವರೆಗೂ ಅದು ಅಲ್ಲೇ ಇತ್ತಾ?"

"ಇತ್ತು."

"ಓದಿದ್ದು ನೀವೇನಾ?"

"ಹೌದಮ್ಮ."

"ಓದಿ ಏನ್ ಮಾಡಿದ್ರಿ?"

"ಹತ್ತೋ ಮುಂಚೆ ನೋಡ್ಕೊಂಡು ಹತ್ತಿ ಅಂತ ಒಂದು ಕಾಗದ ಕಳಿಸಿದ್ವಿ. ಎಲ್ಲರ ಹತ್ರ ಸೈನ್ ಹಾಕಿಸ್ಕೊಂಡ್ವಿ."

"ಇವ್ರೂ ಹಾಕಿದ್ರಾ?"

"ಹಾಕಿದ್ರು."

ಹೊರಗೆ ಓಣಿಯಲ್ಲಿ ಯಾರದೋ ಸ್ಕೂಟರು ಸ್ಟಾರ್ಟ್ ಆಗದೆ ಒದ್ದಾಡುತ್ತಿತ್ತು. ಆಕೆ ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಕೆಂಪು ಹಾಕಿದ್ದೆನಮ್ಮ, ನಾನು ಕೇಳಿದ್ದೆನಮ್ಮ, ಎದ್ದು ನಿಂತು ಹೇಳಿದೆನಮ್ಮ ಎಂದು ನಾಲಿಗೆಯ ತುದಿಗೆ ಬಂತು. ಆ ಮನೆಯಲ್ಲಿ ಆ ಮಾತುಗಳಿಗೆ ಏನು ಅರ್ಥವಿತ್ತು?

ಆಕೆ ಸೆರಗಿಗೆ ಕೈ ಒರೆಸಿಕೊಂಡು ಎದ್ದು, ಬಾಗಿಲ ಪಕ್ಕಕ್ಕೆ ಸರಿದು ನಿಂತಳು. ಹೋಗಲು ದಾರಿ ಬಿಟ್ಟದ್ದು ಎಂದು ತಿಳಿದು ನಾನೂ ಎದ್ದೆ.

"ಆ ಹುಡುಗನ್ಗೆ ಬರೋಕೆ ಹೇಳಿ. ನಾನು ತಪ್ಪು ತಿಳ್ಕೊಂಡಿದ್ದೆ, ಬಂದು ಊಟ ಮಾಡ್ಕೊಂಡು ಹೋಗ್ಲಿ" ಅಂದಳು. "ನೀವು ಮಾತ್ರ ಇನ್ನೊಂದ್ಸಲ ಬರ್ಬೇಡಿ."